‘ವಿದ್ವಾಂಸರು ಸಾಬೀತು ಮಾಡಿದ್ದಾರೆ’ ಎಂದಾಗ ಬೈಬಲ್ ಓದುಗ ಏನು ಮಾಡಬೇಕು?

ಪ್ರಶ್ನೆ: ವಾರಕ್ಕೊಮ್ಮೆ ಹದಿನೈದು ಯುವಜನರ ಬೈಬಲ್ ಓದುಕೂಟ ನಡೆಸುತ್ತೇನೆ. ಇತಿಹಾಸದಲ್ಲಿ ಪದವಿ ಓದುತ್ತಿರುವ ನನ್ನ ಮಗಳು ಈಚೆಗೆ ಮೂರು ಮಾತು ಹೇಳಿದಳು. ಒಂದು, 325ರಲ್ಲಿ ನೈಸಿಯಾ ಪಟ್ಟಣದ ಬಿಷಪರ ಸಭೆಯಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ತನಗೆ ಬೇಕಾದ ಪುಸ್ತಕಗಳನ್ನು ಇಟ್ಟುಕೊಂಡು, ಬೇಡದ್ದನ್ನು ಸುಡಿಸಿ ಬೈಬಲ್ ಕಟ್ಟಿಸಿದ. ಎರಡು, ‘ಭೂಮಿಯನ್ನು ವಶಮಾಡಿಕೊಳ್ಳಿರಿ’ ಎಂಬ ಆದಿಕಾಂಡದ ಮಾತೇ ಇಂದಿನ ಪರಿಸರ ನಾಶದ ಬೇರು. ಮೂರು, ಬೈಬಲ್ ಗುಲಾಮಗಿರಿಯನ್ನು ಒಪ್ಪಿತ್ತು, ಆದ್ದರಿಂದ ಸಮಾನತೆಯ ಚರ್ಚೆಯಲ್ಲಿ ಅದಕ್ಕೆ ಜಾಗವಿಲ್ಲ. ಮೂರಕ್ಕೂ ‘ವಿದ್ವಾಂಸರು ಸಾಬೀತು ಮಾಡಿದ್ದಾರೆ’ ಎನ್ನುತ್ತಾಳೆ. ಕೂಟದ ಹಿರಿಯರೊಬ್ಬರು ಅಂಥ ಪುಸ್ತಕ ಮುಟ್ಟಲೇಬೇಡಿ, ನಂಬಿಕೆ ಕೆಡುತ್ತದೆ ಎನ್ನುತ್ತಾರೆ. ನನಗೆ ಗ್ರೀಕ್, ಹೀಬ್ರೂ ಬಾರದು. ಈ ವಿದ್ವತ್ತನ್ನು ಕೂಟಕ್ಕೆ ತರಬಹುದೇ? ತಂದರೆ ಹೇಗೆ?

ಉತ್ತರ: ನೀವು ಕೇಳಿರುವುದು ಮೂರು ಸಂಗತಿ. ಆದರೆ ಪತ್ರದ ಒಳಗಿರುವ ಅಳುಕು ಬೇರೆ: ಪಂಡಿತರ ಮಾತಿಗೆ ಎಷ್ಟು ತೂಕ ಕೊಡಬೇಕು, ಕೊಟ್ಟರೆ ಕೂಟ ಉಳಿಯುತ್ತದೆಯೇ? ನಿಮ್ಮ ಮಗಳೂ ಆ ಹಿರಿಯರೂ ಎದುರುಬದುರು ನಿಂತಂತೆ ಕಾಣುತ್ತಾರೆ. ಆದರೂ ಇಬ್ಬರ ಎಣಿಕೆ ಒಂದೇ. ವಿದ್ವತ್ತೆಂದರೆ ತೀರ್ಪು ಕೊಡುವ ಕೋರ್ಟು ಎಂದು ಇಬ್ಬರೂ ತಿಳಿದಿದ್ದಾರೆ. ಒಬ್ಬರಿಗೆ ತೀರ್ಪು ಹಿತವಾಗಿದೆ, ಇನ್ನೊಬ್ಬರಿಗೆ ಅದರ ಭಯ.

ಬೈಬಲ್ ಅಧ್ಯಯನ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಮೂಲದಲ್ಲಿ ಯಾವ ಪದವಿತ್ತು ಎಂದು ಹಸ್ತಪ್ರತಿಗಳನ್ನು ತಾಳೆ ನೋಡುವವರು ಕೆಲವರು. ಬರೆದ ಕಾಲದವರಿಗೆ ಆ ಪದ ಏನು ಹೇಳಿತು ಎಂದು ಹುಡುಕುವವರು ಇನ್ನು ಕೆಲವರು. ಮುಂದಿನ ಶತಮಾನಗಳ ಜನ ಅದನ್ನು ಯಾವುದಕ್ಕೆಲ್ಲ ಬಳಸಿಕೊಂಡರು ಎಂದು ಹಿಂಬಾಲಿಸುವವರು ಮತ್ತೆ ಕೆಲವರು. ಈ ಮೂರಕ್ಕೂ ಪುರಾವೆ ಉಂಟು, ಕೆಲವೆಡೆ ಗಟ್ಟಿ, ಕೆಲವೆಡೆ ತೆಳು. ‘ಹಾಗಾದರೆ ಇಂದು ನಾವೇನು ಮಾಡಬೇಕು?’ ಎಂಬ ನಾಲ್ಕನೆಯ ಪ್ರಶ್ನೆಯನ್ನು ಮಾತ್ರ ಪುರಾವೆಯೊಂದೇ ಇತ್ಯರ್ಥ ಮಾಡಲಾರದು. ಮೂರರಲ್ಲಿ ಸಿಕ್ಕ ಉತ್ತರವನ್ನು ಸದ್ದಿಲ್ಲದೆ ನಾಲ್ಕಕ್ಕೆ ಸಾಗಿಸಿದಾಗಲೇ ‘ಸಾಬೀತು’ ಎಂಬ ಮಾತು ಹುಟ್ಟುವುದು. ಮಗಳ ಮೊದಲ ಮಾತು ತಪ್ಪು, ಎರಡನೆಯದು ಅರ್ಧ ಸರಿ. ಮೂರನೆಯದರಲ್ಲಿ ‘ಒಪ್ಪಿತ್ತು’ ಎಂಬವರೆಗೆ ಸರಿ, ‘ಆದ್ದರಿಂದ’ ಎಂಬಲ್ಲಿಂದ ಮುಂದೆ ಅದು ಆಕೆಯ ತೀರ್ಮಾನ.

ನೈಸಿಯಾದ ವಿಷಯ ಬೇಗ ಮುಗಿಯುತ್ತದೆ. ಅಲ್ಲಿ ಸೇರಿದ ಬಿಷಪ್‌ಗಳು ಮುಖ್ಯವಾಗಿ ಚರ್ಚಿಸಿದ್ದು ಅರಿಯಸ್ ಎಂಬ ಪಾದ್ರಿ ಎತ್ತಿದ ವಿವಾದವನ್ನು: ಕ್ರಿಸ್ತ ತಂದೆಯಾದ ದೇವರಿಗೆ ಸಮಾನನೇ, ಅಥವಾ ಸೃಷ್ಟಿಯಾದವನೇ? ಜೊತೆಗೆ ಈಸ್ಟರ್ ದಿನಾಂಕದ ಗೊಂದಲವಿತ್ತು. ಸಭೆ ಹೊರಡಿಸಿದ 20 ನಿಯಮಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಒಂದೂ ಬೈಬಲಿನಲ್ಲಿ ಯಾವ ಪುಸ್ತಕ ಇರಬೇಕು ಎಂಬುದರ ಬಗ್ಗೆ ಇಲ್ಲ. ನಾಲ್ಕು ಸುವಾರ್ತೆಗಳು ಮಾತ್ರ ಎಂದು ಬಿಷಪ್ ಐರೇನಿಯಸ್ ವಾದಿಸಿದ್ದು ಸುಮಾರು 180ರಲ್ಲಿ, ಅಂದರೆ ಕಾನ್‌ಸ್ಟಂಟೈನ್ ಹುಟ್ಟುವುದಕ್ಕೂ ಮೊದಲು. ಇಂದಿನ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಇದ್ದ ಹಾಗೆಯೇ ಮೊದಲು ಕಾಣಿಸುವುದು 367ರಲ್ಲಿ, ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಬರೆದ ಈಸ್ಟರ್ ಪತ್ರದಲ್ಲಿ. ನಡುವಿನ ಕಾಲದಲ್ಲಿ ಕೆಲವು ಪುಸ್ತಕಗಳನ್ನು ಎಲ್ಲರೂ ಓದುತ್ತಿದ್ದರು, ಕೆಲವಕ್ಕೆ ತಕರಾರಿತ್ತು, ಕೆಲವನ್ನು ತಳ್ಳಿಹಾಕಿದ್ದರು. ಒಂದು ಸಭೆ, ಒಬ್ಬ ಚಕ್ರವರ್ತಿ, ಒಂದು ದಿನ ಎಂಬಂತೆ ಅದು ನಡೆಯಲಿಲ್ಲ.

ಹಾಗಿದ್ದರೆ ಈ ಕಥೆ ಬಂದದ್ದೆಲ್ಲಿಂದ? ಹೊಗೆಯ ಹಿಂದೆ ಸ್ವಲ್ಪ ಬೆಂಕಿ ಇದೆ. ಕಾನ್‌ಸ್ಟಂಟೈನ್ ತನ್ನ ಹೊಸ ರಾಜಧಾನಿಯ ಚರ್ಚುಗಳಿಗಾಗಿ ಬೈಬಲಿನ 50 ಪ್ರತಿ ಬರೆಸಿಕೊಡಲು ಬಿಷಪ್ ಯೂಸೀಬಿಯಸ್‌ಗೆ ಹೇಳಿದ್ದು ನಿಜ. ಅರಿಯಸ್‌ನ ಬರಹಗಳನ್ನು ಸುಡಲು ಆಜ್ಞೆ ಮಾಡಿದ್ದೂ ನಿಜ. ಪುಸ್ತಕಗಳನ್ನು ಪೂಜಾಪೀಠದ ಬಳಿ ಇಟ್ಟು ಪ್ರಾರ್ಥಿಸಿದಾಗ ಸುಳ್ಳು ಪುಸ್ತಕಗಳು ಕೆಳಗುಳಿದವು ಎಂಬ ಪವಾಡದ ಕಥೆಯನ್ನು 9ನೇ ಶತಮಾನದ ಹೊತ್ತಿನ ಗ್ರೀಕ್ ಸಂಕಲನವೊಂದು ನೈಸಿಯಾಕ್ಕೆ ಅಂಟಿಸಿತು. 18ನೇ ಶತಮಾನದಲ್ಲಿ ಫ್ರೆಂಚ್ ಲೇಖಕ ವೋಲ್ಟೇರ್ ಅದನ್ನು ಗೇಲಿ ಮಾಡಲು ಎತ್ತಿಕೊಂಡ. ಮುಂದೆ ಕಾದಂಬರಿ, ಸಿನಿಮಾ, ವಾಟ್ಸಾಪ್ ನೋಡಿಕೊಂಡವು. ಭಕ್ತರು ಕಟ್ಟಿದ ಕಥೆಯೇ ನಾಸ್ತಿಕರ ವಾದವಾಗಿ ತಿರುಗಿ ಬಂದದ್ದು ತಮಾಷೆ.

ಪರಿಸರದ ಮಾತು ಹಾಗಲ್ಲ, ಅದಕ್ಕೆ ನಿಜವಾದ ವಿದ್ವತ್ತಿನ ಮೂಲವಿದೆ. 1967ರಲ್ಲಿ ಮಧ್ಯಯುಗದ ತಂತ್ರಜ್ಞಾನದ ಇತಿಹಾಸಕಾರ ಲಿನ್ ವೈಟ್ ‘ಸೈನ್ಸ್’ ಪತ್ರಿಕೆಯಲ್ಲಿ ಕೆಲವೇ ಪುಟಗಳ ಒಂದು ಲೇಖನ ಬರೆದರು. ಪ್ರಕೃತಿ ಇರುವುದೇ ಮನುಷ್ಯನಿಗಾಗಿ ಎಂಬ ಭಾವನೆಯನ್ನು ಪಶ್ಚಿಮದ ಕ್ರೈಸ್ತಧರ್ಮ ಬೆಳೆಸಿತು, ಅದರ ಮೇಲೆ ಆಧುನಿಕ ವಿಜ್ಞಾನ-ತಂತ್ರಜ್ಞಾನ ನಿಂತಿತು ಎಂಬುದು ಅವರ ವಾದ. ಉಲ್ಲೇಖಿಸುವವರು ಲೇಖನದ ಕೊನೆಯನ್ನು ಓದಿರುವುದಿಲ್ಲ. ರೋಗದ ಬೇರು ಧರ್ಮದಲ್ಲಿದ್ದರೆ ಮದ್ದೂ ಧಾರ್ಮಿಕವೇ ಆಗಿರಬೇಕು ಎಂದು ಅವರು ಮುಗಿಸುತ್ತಾರೆ, ಅಸ್ಸೀಸಿಯ ಫ್ರಾನ್ಸಿಸನನ್ನು ಪರಿಸರವಾದಿಗಳ ಪಾಲಕ ಸಂತನನ್ನಾಗಿ ಸೂಚಿಸುತ್ತಾರೆ. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅದನ್ನೇ ಘೋಷಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಪರಿಸರದ ಬಗ್ಗೆ ಹೊರಡಿಸಿದ ವಿಶ್ವಪತ್ರ ಇದೇ ಆರೋಪವನ್ನು ನೇರವಾಗಿ ಎತ್ತಿಕೊಂಡು, ಭೂಮಿಯ ಮೇಲೆ ಮಿತಿಯಿಲ್ಲದ ಒಡೆತನವನ್ನು ಆದಿಕಾಂಡ ಕೊಡುತ್ತದೆ ಎಂಬ ಓದನ್ನು ತಿರಸ್ಕರಿಸಿತು. ಕೆಲವೇ ಪುಟಗಳ ಲೇಖನ ಚರ್ಚಿನ ಬೋಧನೆಯವರೆಗೆ ಹೋಗಿ ಮುಟ್ಟಲು ಅರ್ಧ ಶತಮಾನ ಹಿಡಿಯಿತು. ವಿದ್ವತ್ತು ಸಮಾಜದೊಡನೆ ಮಾತಾಡುವ ವೇಗ ಸಾಮಾನ್ಯವಾಗಿ ಇಷ್ಟೇ.

ಪಠ್ಯ ಏನು ಹೇಳುತ್ತದೆ? ಆದಿಕಾಂಡ 1:28ರಲ್ಲಿ ಎರಡು ಹೀಬ್ರೂ ಕ್ರಿಯಾಪದಗಳಿವೆ. ‘ದೊರೆತನ ಮಾಡಿರಿ’ ಎಂಬಲ್ಲಿರುವುದು ‘ರಾದಾ’. ಅದು ರಾಜರಿಗೆ ಬಳಸುವ ಮಾತು. ಯೆಹೆಜ್ಕೇಲ 34:4ರಲ್ಲಿ ಕುರಿಗಳ ಮೇಲೆ ಕ್ರೂರವಾಗಿ ‘ರಾದಾ’ ಮಾಡಿದ ಕುರುಬರನ್ನು, ಎಂದರೆ ಪ್ರಜೆಗಳನ್ನು ಹಿಂಡಿದ ಆಳುವವರನ್ನು, ದೇವರು ಖಂಡಿಸುತ್ತಾನೆ. ಕೀರ್ತನೆ 72ರ ಆದರ್ಶ ಅರಸನಿಗೂ ಇದೇ ಪದ, ಆ ಅರಸನ ಕೆಲಸ ದಿಕ್ಕಿಲ್ಲದವರನ್ನು ಕಾಯುವುದು. ಹಾಗಾಗಿ ದೊರೆತನ ಎಂದ ಮಾತ್ರಕ್ಕೆ ಲೂಟಿಗೆ ಪರವಾನಗಿ ಸಿಗದು. ಆದಿಕಾಂಡ 2:15 ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅದನ್ನು ‘ಕಾಯುವುದಕ್ಕೆ’ ಕೂಡ ಎನ್ನುತ್ತದೆ. ಇಷ್ಟು ಹೇಳಿ ನಿಲ್ಲಿಸುವ ಉಪದೇಶಕರು ಬಹಳ ಮಂದಿ. ಅದು ಪ್ರಾಮಾಣಿಕವಲ್ಲ. ‘ವಶಮಾಡಿಕೊಳ್ಳಿರಿ’ ಎಂಬಲ್ಲಿರುವ ‘ಕಾಬಷ್’ ಮೆದು ಪದವಲ್ಲ. ನಾಡನ್ನು ಗೆದ್ದುಕೊಂಡಾಗ, ಯೆರೆಮೀಯ 34:11ರಲ್ಲಿ ಬಿಟ್ಟ ಗುಲಾಮರನ್ನು ಮತ್ತೆ ಎಳೆದುತಂದಾಗ ಬರುವ ಪದ ಅದು. ಆ ಗಡಸನ್ನು ಮುಚ್ಚದೆ ಓದಬೇಕು.

ಅರ್ಧ ಸರಿ ಎಂದದ್ದು ಇದಕ್ಕೇ. ವಚನ ಆ ಬಳಕೆಗೆ ಒದಗಿ ಬಂದದ್ದು ಹೌದು. ವಚನವೇ ಪರಿಸರ ನಾಶಕ್ಕೆ ಕಾರಣ ಎನ್ನುವುದು ಬೇರೆ ಮಾತು. ಬೈಬಲನ್ನು ಒಪ್ಪದ, ಧರ್ಮವನ್ನೇ ಹೊರಗಿಟ್ಟ ಸೋವಿಯತ್ ವ್ಯವಸ್ಥೆ ನೀರಾವರಿಗಾಗಿ ನದಿಗಳನ್ನು ತಿರುಗಿಸಿ ಅರಲ್ ಸಮುದ್ರವನ್ನು ಒಣಗಿಸಿತು. ಕಾರಣಗಳ ಪಟ್ಟಿಯಲ್ಲಿ ಒಂದು ವಚನಕ್ಕೆ ಎಷ್ಟು ಪಾಲು ಎಂದು ಅಳೆಯಲು ಇತಿಹಾಸಕಾರರಿಗೆ ತಕ್ಕಡಿ ಇಲ್ಲ.

ಗುಲಾಮಗಿರಿಯ ಪ್ರಶ್ನೆಯ ಮೇಲೆ ನಿಮ್ಮ ಕೂಟ ಹೆಚ್ಚು ಹೊತ್ತು ಕಳೆಯಬೇಕು. ಯಾಜಕಕಾಂಡ 25:44-46 ಪರದೇಶದವರನ್ನು ಕೊಂಡು ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗಲು ಅನುಮತಿ ಕೊಡುತ್ತದೆ. ಎಫೆಸ 6:5 ಗುಲಾಮರಿಗೆ ಯಜಮಾನರ ಮಾತು ಕೇಳಿರಿ ಎನ್ನುತ್ತದೆ. ಇವನ್ನು ನಯಗೊಳಿಸಲು ಹೋಗಬೇಡಿ. ಕನ್ನಡದಲ್ಲಿ ಓದುವವರಿಗೆ ಇಲ್ಲೊಂದು ಗುಂಡಿ ಇದೆ: ಗ್ರೀಕಿನ ‘ದೂಲೊಸ್’ ನಮ್ಮಲ್ಲಿ ‘ದಾಸ’ ಆಗಿದೆ, ಕನ್ನಡದ ಕಿವಿಗೆ ದಾಸ ಎಂದ ಕೂಡಲೇ ಭಕ್ತಿಯ ಪರಿಮಳ ಬರುತ್ತದೆ. ರೋಮನ್ ಜಗತ್ತಿನ ದೂಲೊಸ್ ಸಂತೆಯಲ್ಲಿ ಮಾರಾಟಕ್ಕಿದ್ದ ಮನುಷ್ಯ. ಅವನ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ, ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದ ಕೂಸು ಯಜಮಾನನ ಸ್ವತ್ತು. ಪೌಲ ತನ್ನನ್ನು ‘ಯೇಸು ಕ್ರಿಸ್ತನ ದಾಸ’ ಎಂದು ಕರೆದುಕೊಂಡಾಗ ಅಂದಿನ ಕೇಳುಗನಿಗೆ ಆದ ಮುಜುಗರ ನಮಗೆ ಆಗುವುದಿಲ್ಲ.

ಅದೇ ಪುಸ್ತಕಗಳಲ್ಲಿ ಇನ್ನೊಂದು ಎಳೆ ಉಂಟು. ಮನುಷ್ಯರನ್ನು ಕದ್ದು ಮಾರುವವನಿಗೆ ವಿಮೋಚನಕಾಂಡ 21:16 ಮರಣದಂಡನೆ ಹೇಳುತ್ತದೆ. ಧರ್ಮೋಪದೇಶಕಾಂಡ 23:15 ಓಡಿಬಂದ ಗುಲಾಮನನ್ನು ಒಡೆಯನಿಗೆ ಒಪ್ಪಿಸಬೇಡಿ ಎನ್ನುತ್ತದೆ. 4ನೇ ಶತಮಾನದಲ್ಲಿ ನಿಸ್ಸಾದ ಬಿಷಪ್ ಗ್ರೆಗರಿ ಪ್ರಸಂಗಿ ಪುಸ್ತಕದ ಮೇಲಿನ ಉಪದೇಶದಲ್ಲಿ, ದೇವರ ಸ್ವರೂಪವನ್ನು ಹೊತ್ತವನಿಗೆ ಎಷ್ಟು ಬೆಲೆ ಕಟ್ಟಿದೆ ಎಂದು ಒಡೆಯರನ್ನೇ ಕೇಳಿದ. ಆದರೆ ಆ ಕಾಲಕ್ಕೆ ಅದು ಹೆಚ್ಚುಕಡಿಮೆ ಒಂಟಿ ದನಿ.

ಬಳಕೆಯ ಇತಿಹಾಸಕ್ಕೆ ಬಂದರೆ ಚಿತ್ರ ಇನ್ನೂ ಸ್ಪಷ್ಟ. ಆಫ್ರಿಕನ್ನರ ಗುಲಾಮಗಿರಿಯನ್ನು ಸಮರ್ಥಿಸಿದವರು ನೋಹನ ಮಗ ಹಾಮನ ಸಂತತಿಯೇ ಆಫ್ರಿಕನ್ನರು, ಅವರಿಗೆ ಗುಲಾಮರಾಗುವ ಶಾಪವಿದೆ ಎಂಬ ‘ಹಾಮನ ಶಾಪ’ದ ವಾದ ಹೂಡಿದರು. ಆದಿಕಾಂಡ 9:25 ತೆರೆದು ನೋಡಿ. ಶಾಪ ಬಿದ್ದದ್ದು ಹಾಮನಿಗಲ್ಲ, ಅವನ ಮಗ ಕಾನಾನನಿಗೆ, ಮತ್ತು ಮೈಬಣ್ಣದ ಸೊಲ್ಲೇ ಅಲ್ಲಿಲ್ಲ. 1807ರಲ್ಲಿ ಲಂಡನ್ನಿನಲ್ಲಿ, ಬ್ರಿಟಿಷ್ ವೆಸ್ಟ್ ಇಂಡೀಸಿನ ಗುಲಾಮರಿಗಾಗಿ ಎಂದೇ ಬೈಬಲಿನ ಆಯ್ದ ಭಾಗಗಳ ಒಂದು ಆವೃತ್ತಿ ಅಚ್ಚಾಯಿತು. ಇಸ್ರಾಯೇಲ್ಯರು ಐಗುಪ್ತದ ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆಯನ್ನೇ ಅದರಿಂದ ತೆಗೆದುಹಾಕಿದ್ದರು. ಪುಸ್ತಕ ಗುಲಾಮಗಿರಿಗೆ ಅಷ್ಟು ಹೊಂದಿಕೆಯಾಗಿದ್ದರೆ ಕತ್ತರಿ ಯಾಕೆ ಬೇಕಿತ್ತು? ಮಗಳ ಮುಂದೆ ಇದನ್ನು ಇಡಿ. ಜೊತೆಗೆ, ಕತ್ತರಿ ಹಾಕಿದವರೂ ಕ್ರೈಸ್ತರೇ ಎಂದು ಆಕೆ ಹೇಳಿದರೆ ಒಪ್ಪಿಕೊಳ್ಳಿ.

ವಿದ್ವತ್ತು ಸಮಾಜವನ್ನು ನಿಜಕ್ಕೂ ಮುಟ್ಟಿದ ಜಾಗ ಬೇಕೆಂದರೆ ಯೆಹೂದ್ಯರ ವಿಷಯ ನೋಡಬೇಕು. ಮತ್ತಾಯ 27:25ರ ‘ಅವನ ರಕ್ತ ನಮ್ಮ ಮೇಲೆ’ ಎಂಬ ಗುಂಪಿನ ಕೂಗನ್ನು ಇಡೀ ಜನಾಂಗದ ಮೇಲೆ ಶತಮಾನಗಳ ಕಾಲ ಹೊರಿಸಲಾಯಿತು. ಯೇಸು, ಪೌಲ, ಮೊದಲ ಶಿಷ್ಯರು ಎಲ್ಲರೂ ಯೆಹೂದ್ಯರೇ, ಸುವಾರ್ತೆಗಳ ಕಟುಮಾತು ಒಂದೇ ಮನೆಯೊಳಗಿನ ಜಗಳದ ದನಿ ಎಂಬುದನ್ನು ಸಂಶೋಧಕರು ತೋರಿಸುತ್ತ ಬಂದರು. ನಾಟ್ಸಿ ಹತ್ಯಾಕಾಂಡದ ನಂತರ ಅದಕ್ಕೆ ಕಿವಿಗೊಡದೆ ಇರಲಾಗಲಿಲ್ಲ. 1965ರಲ್ಲಿ ಕ್ಯಾಥೊಲಿಕ್ ಚರ್ಚಿನ ಎರಡನೇ ವ್ಯಾಟಿಕನ್ ಪರಿಷತ್ತು ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ, ಇಂದಿನವರ ಮೇಲಾಗಲಿ ಹೊರಿಸಬಾರದು ಎಂದು ಹೇಳಿತು. ನಿಮ್ಮ ಹಿರಿಯರಿಗೆ ಒಂದು ಸಂಗತಿ ತಿಳಿಸಿ: ಮೂಲ ಭಾಷೆಗಳನ್ನೂ ಬರಹದ ಪ್ರಕಾರಗಳನ್ನೂ ಅಧ್ಯಯನ ಮಾಡಿರೆಂದು 1943ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅವರೇ ಕ್ಯಾಥೊಲಿಕ್ ವಿದ್ವಾಂಸರಿಗೆ ಹೇಳಿದ್ದರು. ಈ ಕ್ಷೇತ್ರದ ಬಹಳ ಮಂದಿ ನಂಬುವವರು, ಪಾದ್ರಿಗಳೂ ಇದ್ದಾರೆ. ಯೆಹೂದ್ಯರು, ನಾಸ್ತಿಕರೂ ಇದ್ದಾರೆ. ಹಸ್ತಪ್ರತಿ ಓದುವಾಗ ಇವರೆಲ್ಲ ಒಂದೇ ಮೇಜಿನ ಸುತ್ತ ಕೂರುತ್ತಾರೆ.

ಹಿರಿಯರ ಭಯ ಸುಳ್ಳೆಂದು ಮಾತ್ರ ಹೇಳಲಾರೆ. ಮಾರ್ಕನ ಸುವಾರ್ತೆ ಅತಿ ಹಳೆಯ ಎರಡು ಪೂರ್ಣ ಪ್ರತಿಗಳಲ್ಲಿ 16:8ಕ್ಕೇ ನಿಲ್ಲುತ್ತದೆ, ‘ಪಾಪವಿಲ್ಲದವನು ಮೊದಲ ಕಲ್ಲು ಎಸೆಯಲಿ’ ಎಂಬ ಯೋಹಾನನ ಪ್ರಸಂಗ ಅತಿ ಹಳೆಯ ಪ್ರತಿಗಳಲ್ಲಿ ಇಲ್ಲ ಎಂದು ಮೊದಲ ಸಲ ಕೇಳಿದವರಿಗೆ ಕಾಲಡಿಯ ನೆಲ ಅಲುಗುತ್ತದೆ. ಕೆಡುವುದು ಹೆಚ್ಚಾಗಿ ಸಂಗತಿಯಿಂದಲ್ಲ. ‘ಇದನ್ನು ಇಷ್ಟು ದಿನ ನಮಗೇಕೆ ಹೇಳಲಿಲ್ಲ?’ ಎಂಬ ಸಿಟ್ಟಿನಿಂದ. ಹಲವು ಬೈಬಲುಗಳಲ್ಲಿ ಈ ಭಾಗಗಳಿಗೆ ಕಂಸವೋ ಅಡಿಟಿಪ್ಪಣಿಯೋ ಇರುತ್ತದೆ. ಗುಟ್ಟೇನಲ್ಲ, ಓದಿರುವುದಿಲ್ಲ ಅಷ್ಟೆ. ಮೊದಲು ನಿಮ್ಮ ಬಾಯಿಂದ ಕೇಳಿದರೆ ಒಳ್ಳೆಯದು.

ನಿಮ್ಮ ಮುಂದಿರುವ ದಾರಿಗಳು ಹೀಗಿವೆ. ಟಿಪ್ಪಣಿಗಳಿರುವ ಅಧ್ಯಯನ ಬೈಬಲ್ ತಂದು ಈಗಿನ ಕ್ರಮದಲ್ಲೇ ಮುಂದುವರಿಯುವುದು ಸುಲಭ. ಅಪಾಯವೆಂದರೆ, ಆ ಟಿಪ್ಪಣಿ ಒಂದು ಪಂಥದ್ದಾಗಿರುತ್ತದೆ, ಆರು ತಿಂಗಳಲ್ಲಿ ಟಿಪ್ಪಣಿಯೇ ವಚನವಾಗಿಬಿಡುತ್ತದೆ. ಬೇರೆ ಪಂಥದ ಇನ್ನೊಂದನ್ನು ಪಕ್ಕಕ್ಕಿಟ್ಟುಕೊಂಡರೆ ಎಷ್ಟೋ ಪರಿಹಾರ. ಎರಡನೆಯದು, ವಿಶ್ವವಿದ್ಯಾಲಯದಲ್ಲೋ ಸೆಮಿನರಿಯಲ್ಲೋ ಕೋರ್ಸು ಸೇರುವುದು. ಸೆಮಿನರಿ ಸಭೆಯ ಸೇವೆಗೆ ತಯಾರು ಮಾಡುತ್ತದೆ, ವಿಶ್ವವಿದ್ಯಾಲಯದ ಧರ್ಮಾಧ್ಯಯನ ವಿಭಾಗ ನಿಮ್ಮ ನಂಬಿಕೆಯ ಗೊಡವೆಗೆ ಬರುವುದಿಲ್ಲ. ತಪ್ಪು ಬಾಗಿಲು ತಟ್ಟಿದವರು ನಿರಾಶರಾಗಿ ಹಿಂತಿರುಗುತ್ತಾರೆ. ಕೂಟ ನಡೆಸಲು ಇದು ಬೇಕಾಗಿಲ್ಲ. ಏನೂ ಮಾಡದೆ ಸುಮ್ಮನಿರುವುದೂ ಒಂದು ದಾರಿ, ಆದರೆ ಯುವಜನ ಆ ಪ್ರಶ್ನೆಗಳಿಗೆ ಉತ್ತರವನ್ನು ಯೂಟ್ಯೂಬಿನಲ್ಲಿ ಹುಡುಕುತ್ತಾರೆ.

ನಿಮಗೆ ನಾನು ಹೇಳುವುದು ಇವು ಯಾವುದನ್ನೂ ಅಲ್ಲ. ಎಂಟು ವಾರದ ಪ್ರಯೋಗ ಮಾಡಿ. ವಾರಕ್ಕೆ 10-25 ವಚನಗಳ ಒಂದೇ ಭಾಗ, ತೊಂಬತ್ತು ನಿಮಿಷ. ಮೊದಲ ಇಪ್ಪತ್ತು ನಿಮಿಷ ಟಿಪ್ಪಣಿ ಮುಚ್ಚಿಟ್ಟು ಎರಡು ಅನುವಾದಗಳನ್ನು ಗಟ್ಟಿಯಾಗಿ ಓದಿ, ವ್ಯತ್ಯಾಸ ಕಂಡಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ. ಮೂಲಭಾಷೆ ಬಾರದವರಿಗೆ ಇದೇ ಕಿಟಕಿ: ಅನುವಾದಗಳು ಬೇರೆಯಾದ ಕಡೆ ಸಾಮಾನ್ಯವಾಗಿ ಪಠ್ಯದಲ್ಲೋ ಅರ್ಥದಲ್ಲೋ ನಿಜವಾದ ತೊಡಕು ಇರುತ್ತದೆ. ಮುಂದಿನ ಅರ್ಧ ಗಂಟೆ ಅಂದಿನ ಅರ್ಥಕ್ಕೆ, ಇಪ್ಪತ್ತು ನಿಮಿಷ ಬಳಕೆಯ ಇತಿಹಾಸಕ್ಕೆ. ಕೊನೆಯ ಇಪ್ಪತ್ತು ‘ಇಂದು?’ ಎಂಬುದಕ್ಕೆ. ಕೆಡುವುದು ಎಲ್ಲಿ ಎಂದರೆ, ಈ ಕೊನೆಯ ಪ್ರಶ್ನೆ ಹತ್ತನೇ ನಿಮಿಷಕ್ಕೇ ನುಗ್ಗಿ ಉಳಿದ ಹೊತ್ತನ್ನೆಲ್ಲ ತಿಂದುಬಿಡುತ್ತದೆ. ಗಡಿಯಾರವನ್ನು ಒಬ್ಬರ ಕೈಗೆ ಕೊಡಿ.

ಈ ಕಿಟಕಿ ಏನು ತೋರಿಸುತ್ತದೆ ಎಂಬುದಕ್ಕೆ ರೋಮಾಪುರದವರಿಗೆ 16:7 ನೋಡಿ. ಅಪೊಸ್ತಲರಲ್ಲಿ ಹೆಸರಾದ ಇಬ್ಬರ ಹೆಸರು ಅಲ್ಲಿದೆ. ಎರಡನೆಯವರು ಯೂನ್ಯ. ಗ್ರೀಕಿನ ಆ ರೂಪ ಗಂಡಿಗೂ ಹೆಣ್ಣಿಗೂ ಒಂದೇ, ಒತ್ತಿ ಹೇಳುವ ಜಾಗ ತೋರಿಸುವ ಸ್ವರಚಿಹ್ನೆ ಮಾತ್ರ ಬೇರೆ. ಹಳೆಯ ಪ್ರತಿಗಳಲ್ಲಿ ಸ್ವರಚಿಹ್ನೆಯೇ ಇಲ್ಲ. 4ನೇ ಶತಮಾನದ ಉಪದೇಶಕ ಜಾನ್ ಕ್ರಿಸೊಸ್ತಮ್ ಆಕೆಯನ್ನು ಹೆಂಗಸೆಂದೇ ತಿಳಿದು ಹೊಗಳಿದ. ವಿದ್ವಾಂಸರು ಬಳಸುವ ಗ್ರೀಕ್ ಆವೃತ್ತಿ 1927ರಲ್ಲಿ ಆಕೆಯನ್ನು ಗಂಡಸಾಗಿಸಿತು, 1998ರಲ್ಲಿ ತಿದ್ದಿಕೊಂಡಿತು. ವಿದ್ವಾಂಸರೂ ತಮ್ಮ ಕಾಲದ ಕನ್ನಡಕ ಹಾಕಿಕೊಂಡೇ ಓದುತ್ತಾರೆ. ಈಗ ನಿಮ್ಮ ಕೈಯ ಪ್ರತಿಯಲ್ಲಿ ‘ಯೂನ್ಯನಿಗೆ’ ಎಂದಿದೆಯೋ ‘ಯೂನ್ಯಳಿಗೆ’ ಎಂದಿದೆಯೋ ನೋಡಿ. ಗ್ರೀಕ್ ಮುಚ್ಚಿಟ್ಟ ಲಿಂಗವನ್ನು ಕನ್ನಡದ ಪ್ರತ್ಯಯ ಮುಚ್ಚಿಡಲು ಬಿಡುವುದಿಲ್ಲ. ಅನುವಾದಕ ಒಂದು ಪಕ್ಷ ಹಿಡಿಯಲೇಬೇಕು.

ಎರಡು ಹೊಂಡಗಳನ್ನು ಹೇಳಿಬಿಡುತ್ತೇನೆ. ಮೊದಲನೆಯದು ನಿಘಂಟಿನ ಹುಚ್ಚು. ಪದದ ಮೂಲ ಹುಡುಕಿ ಅದೇ ಅರ್ಥ ಎಂದು ಸಾರುವುದು ಕೂಟಗಳಲ್ಲಿ ಬಲು ಜನಪ್ರಿಯ. ‘ಗೋಷ್ಠಿ’ಯ ಮೂಲದಲ್ಲಿ ದನದ ಕೊಟ್ಟಿಗೆ ಇದೆ ಎಂದು ವಿಚಾರಗೋಷ್ಠಿಗೆ ಯಾರೂ ಹುಲ್ಲು ಒಯ್ಯುವುದಿಲ್ಲ. ಪೌಲನ ‘ದುನಾಮಿಸ್’ ಅಂದರೆ ಡೈನಮೈಟಿನಂಥ ಶಕ್ತಿ ಎನ್ನುವ ಉಪದೇಶವೂ ಇದೇ ಜಾತಿ. ಡೈನಮೈಟಿಗೆ ಆ ಹೆಸರು ಬಿದ್ದದ್ದು 1867ರಲ್ಲಿ. ಪದದ ಅರ್ಥ ಅದು ನಿಂತ ವಾಕ್ಯದಲ್ಲಿದೆ.

ಇನ್ನೊಂದು, ಸುದ್ದಿಯ ಅವಸರ. 2012ರಲ್ಲಿ ಯೇಸು ‘ನನ್ನ ಹೆಂಡತಿ’ ಎನ್ನುವ ಈಜಿಪ್ಟಿನ ಹಳೆಯ ಕಾಪ್ಟಿಕ್ ಭಾಷೆಯ ಪಪೈರಸ್ ತುಣುಕೊಂದು ಜಗತ್ತಿನ ತಲೆಬರಹವಾಯಿತು. ಪಪೈರಸ್ ಹಳೆಯದೆಂದು ಪರೀಕ್ಷೆಯೂ ಹೇಳಿತು. ಆದರೆ ಹಳೆಯ ಹಾಳೆಯ ಮೇಲೆ ಹೊಸದಾಗಿ ಬರೆಯಬಹುದು. ಬೈಬಲಿನಲ್ಲಿ ಸೇರದ, ಅಂತರ್ಜಾಲದಲ್ಲಿದ್ದ ಥೋಮನ ಸುವಾರ್ತೆಯ ಒಂದು ಪ್ರತಿಯ ಅಕ್ಷರದೋಷವೇ ಆ ತುಣುಕಿನಲ್ಲೂ ಇರುವುದನ್ನು ಇತರ ವಿದ್ವಾಂಸರು ಪತ್ತೆಹಚ್ಚಿದರು. 2016ರ ಹೊತ್ತಿಗೆ ಅದನ್ನು ಪ್ರಕಟಿಸಿದ ಸಂಶೋಧಕಿಯೇ ಅದು ನಕಲಿ ಇರಬೇಕೆಂದು ಒಪ್ಪಿದರು. ಆದ್ದರಿಂದ ಹೊಸ ಶೋಧಕ್ಕೆ ಮೂರ್ನಾಲ್ಕು ವರ್ಷ ಕೊಡಿ. ಪುಸ್ತಕ ಆರಿಸುವಾಗ ಎದುರು ಪಕ್ಷದ ವಾದವನ್ನು ಅದು ಎಷ್ಟು ನ್ಯಾಯವಾಗಿ ಹೇಳಿದೆ ಎಂದು ಮೊದಲು ನೋಡಿ. ಹೊದಿಕೆಯ ಮೇಲೆ ‘ಮುಚ್ಚಿಟ್ಟ ಸತ್ಯ’ ಎಂದಿದ್ದರೆ ಕಪಾಟಿಗೆ ಮರಳಿಸಿ.

ಮೊದಲ ವಾರಕ್ಕೆ ಪೌಲ ಫಿಲೆಮೋನನಿಗೆ ಬರೆದ ಪತ್ರ ತೆಗೆದುಕೊಳ್ಳಿ. ಒಟ್ಟು 25 ವಚನ, ಒಂದೇ ಕೂಟದಲ್ಲಿ ಮುಗಿಯುತ್ತದೆ. ಪೌಲ ಫಿಲೆಮೋನನ ಬಳಿಗೆ ಹಿಂದಕ್ಕೆ ಕಳಿಸುತ್ತಿರುವ ಒನೇಸಿಮ ಓಡಿಬಂದ ಗುಲಾಮ ಎಂದು ಎಲ್ಲರೂ ಹೇಳುತ್ತಾರೆ. ಪತ್ರದಲ್ಲಿ ಎಲ್ಲಿಯಾದರೂ ‘ಓಡಿಬಂದ’ ಎಂದಿದೆಯೇ ಹುಡುಕಲು ಹೇಳಿ. 16ನೇ ವಚನದ ‘ಇನ್ನು ಮೇಲೆ ದಾಸನಂತಲ್ಲ’ ಎಂಬುದು ಬಿಡುಗಡೆಯ ಕೋರಿಕೆಯೋ, ಬರಿಯ ಅಕ್ಕರೆಯ ಮಾತೋ ಎಂದು ಅವರೇ ವಾದ ಮಾಡಲಿ. ಆಮೇಲೆ ಬಳಕೆಯ ಇತಿಹಾಸದಿಂದ ಒಂದು ಘಟನೆ ಓದಿ ಹೇಳಿ. 19ನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಬಿಳಿಯ ಪಾದ್ರಿಯೊಬ್ಬ ಗುಲಾಮರಿಗೆ ಈ ಪತ್ರದ ಮೇಲೆ ಉಪದೇಶ ಮಾಡಿ, ಓಡಿಹೋಗುವುದು ಪಾಪ ಎಂದ. ಸೇರಿದ್ದವರಲ್ಲಿ ಅರ್ಧದಷ್ಟು ಜನ ಎದ್ದು ನಡೆದರು. ಉಳಿದವರಲ್ಲಿ ಕೆಲವರು, ಅಂಥ ಪತ್ರ ಬೈಬಲಿನಲ್ಲಿ ಇಲ್ಲವೇ ಇಲ್ಲ ಎಂದರು. ಇದನ್ನು ಬರೆದಿಟ್ಟವನು ಆ ಪಾದ್ರಿಯೇ. ಮಗಳನ್ನೂ ಹಿರಿಯರನ್ನೂ ಆ ವಾರ ಕರೆಯಿರಿ, ಎದ್ದು ನಡೆದವರು ಪತ್ರವನ್ನು ತಪ್ಪಾಗಿ ಓದಿದರೇ ಎಂದು ಇಬ್ಬರನ್ನೂ ಕೇಳಿ.